ಅಂಗಾಲು ಯಾರು ನೋಡಬೇಕು?

ಬೇಸಿಗೆ ಶುರುವಾಯಿತೆಂದರೆ ನಮ್ಮ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿಗೆ ಬರುವ, ಶುಗರ್ (ಮಧುಮೇಹ) ಇರುವವರ ಕಾಲುಗಳೇ ಬೇರೆ. ಅಂಗಾಲಿನ ತುಂಬ ನೀರುಗುಳ್ಳೆ ಎದ್ದಿರುತ್ತವೆ. ಕೆಲವು ಒಡೆದು ಚರ್ಮ ಜೋತುಬಿದ್ದಿರುತ್ತದೆ. ಎಲ್ಲಿ ಸುಟ್ಟುಕೊಂಡಿರಿ ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. "ಸುಟ್ಟಿಲ್ರೀ ಸಿಸ್ಟರ್, ಎಲ್ಲೀ ಬೆಂಕಿ ತುಳಿದಿಲ್ಲ" ಎನ್ನುತ್ತಾರೆ. ಹಿಂದಿನ ದಿನ ಏನೇನು ಮಾಡಿದಿರಿ ಎಂದು ಒಂದೊಂದೇ ಕೇಳುತ್ತಾ ಹೋದರೆ ವಿಷಯ ಹೊರಗೆ ಬರುತ್ತದೆ. ಮಧ್ಯಾಹ್ನ ಮಾಳಿಗೆ ಮೇಲೆ ಹಪ್ಪಳ ಒಣಹಾಕಲು ಹೋಗಿರುತ್ತಾರೆ. ಇಲ್ಲವೇ ಗುಡಿಯ ಅಂಗಳದಲ್ಲಿ ಸುತ್ತು ಹಾಕಿರುತ್ತಾರೆ. ಕೆಳಗೆ ಶಹಾಬಾದ್ ಪರಸಿ, ಅಂದರೆ ಹಾಸುಗಲ್ಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42-43 ಡಿಗ್ರಿ ಮುಟ್ಟುವುದು ನಮಗೆ ಹೊಸದೇನಲ್ಲ. ಆದರೆ ಅದು ಗಾಳಿಯ ಲೆಕ್ಕ. ಬೆಳಗಿನಿಂದ ಬಿಸಿಲಿಗೆ ಬಿದ್ದ ಕಲ್ಲು ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಬೇರೆಯವರು ಎರಡು ಹೆಜ್ಜೆ ಇಟ್ಟು ನೆರಳಿಗೆ ಓಡುತ್ತಾರೆ. ಇವರು ಸಾವಕಾಶವಾಗಿ ನಡೆದು ಬರುತ್ತಾರೆ. ಇವರಿಗೆ ಬಿಸಿ ತಾಗಿದ್ದೇ ಗೊತ್ತಾಗಿರುವುದಿಲ್ಲ.

ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಶುಗರ್ ಇರುವವರ ಕಾಲಿನ ಗಾಯ ತೊಳೆಯುವುದು, ಕಟ್ಟುವುದು, ಮನೆಯವರಿಗೆ ಹೇಳಿಕೊಡುವುದು ನನ್ನ ಕೆಲಸ. ಋತು ಬದಲಾದ ಹಾಗೆ ಗಾಯವೂ ಬದಲಾಗುತ್ತದೆ. ಮಳೆಗಾಲದಲ್ಲಿ ಬೆರಳ ಸಂದಿ ಕೊಳೆತು ಬರುತ್ತವೆ. ಚಳಿಗಾಲದಲ್ಲಿ ಹಿಮ್ಮಡಿ ಸೀಳಿರುತ್ತದೆ. ತೊಗರಿ ರಾಶಿ ಮುಗಿಯುವ ಹೊತ್ತಿಗೆ ಹೊಲದ ಕೂಳೆ ಚುಚ್ಚಿಸಿಕೊಂಡವರು ಬರುತ್ತಾರೆ, ಜಾಲಿಮುಳ್ಳು ಮುರಿದು ಒಳಗೇ ಉಳಿದವರು ಬರುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು. "ನೋವೇ ಇಲ್ಲ ಅಂದಮ್ಯಾಲ ಏನಾಗ್ಯಾದಂತ ತೋರಿಸ್ಲಿ?" ಈ ಪ್ರಶ್ನೆ ತಪ್ಪಲ್ಲ. ನಾವೆಲ್ಲ ನೋವಾದಾಗಲೇ ಅಲ್ವಾ ಆಸ್ಪತ್ರೆಗೆ ಹೋಗುವುದು? ಆದರೆ ಶುಗರ್ ಇರುವವರ ಕಾಲಿನ ವಿಷಯದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ನರಗಳು ಹಾಳಾಗುತ್ತವೆ. ಉದ್ದದ ನರಗಳಿಗೆ ಪೆಟ್ಟು ಮೊದಲು. ಹಾಗಾಗಿ ಕಾಲ್ಬೆರಳ ತುದಿಯಿಂದಲೇ ಶುರು. ಕೆಲವರಿಗೆ ಮೊದಮೊದಲು ಉರಿ, ಜೋಮು, ಚುಚ್ಚಿದ ಹಾಗೆ. ರಾತ್ರಿ ಹೊತ್ತು ಇನ್ನೂ ಜಾಸ್ತಿ. ಇನ್ನು ಕೆಲವರಿಗೆ ಯಾವ ಸೂಚನೆಯೂ ಇಲ್ಲದೆ ಸ್ಪರ್ಶ ಹೋಗುತ್ತದೆ. ಉರಿ ಇದ್ದವರಿಗೂ ಒಂದು ದಿನ ಉರಿ ಕಡಿಮೆಯಾಗುತ್ತದೆ. "ಈಗ ಆರಾಮ ಅದರಿ" ಎಂದು ಖುಷಿಯಿಂದ ಹೇಳುತ್ತಾರೆ. ಎಷ್ಟೋ ಸಲ ಅದು ಆರಾಮವಾಗಿದ್ದಲ್ಲ, ನರ ಪೂರ್ತಿ ಸುಮ್ಮನಾಗಿದ್ದು. ಚಪ್ಪಲಿ ಕಾಲಿನಿಂದ ಜಾರಿಬಿದ್ದರೂ ಗೊತ್ತಾಗದೆ ಬಸ್ ಸ್ಟ್ಯಾಂಡಿನಿಂದ ಮನೆ ತನಕ ಒಂದೇ ಚಪ್ಪಲಿಯಲ್ಲಿ ಬಂದವರನ್ನು ನೋಡಿದ್ದೇನೆ.

ನರ ಕೆಟ್ಟರೆ ಸ್ಪರ್ಶ ಮಾತ್ರ ಹೋಗುವುದಿಲ್ಲ. ಪಾದದ ಸಣ್ಣ ಸ್ನಾಯುಗಳು ಸೊರಗುತ್ತವೆ, ಬೆರಳು ಮಡಚಿಕೊಳ್ಳುತ್ತವೆ, ಮೈಭಾರವೆಲ್ಲ ಬೆರಳ ಬುಡದ ಒಂದೆರಡು ಕಡೆ ಬೀಳತೊಡಗುತ್ತದೆ. ಅಲ್ಲಿ ಚರ್ಮ ಜಡ್ಡುಗಟ್ಟುತ್ತದೆ. ಬೆವರು ನಿಂತು ಪಾದ ಒಣಗುತ್ತದೆ, ಒಣಗಿದ್ದು ಬಿರಿಯುತ್ತದೆ. ಇದರ ಜೊತೆ ಕಾಲಿನ ರಕ್ತನಾಳವೂ ಕಿರಿದಾಗಿದ್ದರೆ ಸಣ್ಣ ಗೀರು ಕೂಡ ಮಾಯುವುದಿಲ್ಲ. ಬೀಡಿ ಸೇದುವವರಲ್ಲಿ ಈ ರಕ್ತನಾಳದ ತೊಂದರೆ ಬೇಗ ಬರುತ್ತದೆ. ಇದನ್ನು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಎಷ್ಟು ಸಲ ಹೇಳಿದರೂ ಬೇಸರವಿಲ್ಲ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ. ಅಂದರೆ ವಯಸ್ಕರಲ್ಲಿ ಶೇ 11.4. ಇವರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಕಾಲಿಗೆ ಹುಣ್ಣಾಗುವವರು ಶೇ 19ರಿಂದ 34 ಎಂದು ತಜ್ಞರ ಅಂದಾಜು. ಶುಗರ್‌ನಿಂದ ಕಾಲು ಕತ್ತರಿಸಬೇಕಾಗಿ ಬಂದವರ ಹಿಂದಿನ ಕಥೆ ನೋಡಿದರೆ, ಶೇ 85ರಷ್ಟು ಮಂದಿಗೆ ಮೊದಲು ಆಗಿದ್ದು ಒಂದು ಹುಣ್ಣು. ನನಗೆ ಈ ಕೊನೆಯ ಲೆಕ್ಕವೇ ಎಲ್ಲಕ್ಕಿಂತ ದೊಡ್ಡದು. ಕಾಲು ಒಂದೇ ದಿನದಲ್ಲಿ ಹೋಗುವುದಿಲ್ಲ. ಮೊದಲು ಒಂದು ಗುಳ್ಳೆ, ಒಂದು ಗೀರು, ಒಂದು ಮುಳ್ಳು ಇರುತ್ತದೆ. ಆಗ ಯಾರಾದರೂ ನೋಡಿದ್ದರೆ ಹೆಚ್ಚಿನ ಕಾಲು ಉಳಿಯುತ್ತಿದ್ದವು.

ನೋವು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮೊದಲು ಸರಿಯಾಗಿ ಅರ್ಥ ಮಾಡಿಕೊಂಡವರು ಕುಷ್ಠರೋಗದ ಡಾಕ್ಟರುಗಳು. ಪಾಲ್ ಬ್ರ್ಯಾಂಡ್ ಎಂಬ ಸರ್ಜನ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠ ಬಂದರೆ ಬೆರಳು ತಾವಾಗಿಯೇ ಉದುರುತ್ತವೆ ಎಂದು ಆಗ ಜನ ನಂಬಿದ್ದರು. ಹಾಗಲ್ಲ, ನೋವು ಗೊತ್ತಾಗದೆ ದಿನಾ ಆಗುವ ಸಣ್ಣಪುಟ್ಟ ಗಾಯ, ಅದಕ್ಕೆ ತಗಲುವ ಸೋಂಕು ಬೆರಳನ್ನು ತಿನ್ನುತ್ತವೆ ಎಂದು ಅವರು ತೋರಿಸಿದರು. ರಾತ್ರಿ ಮಲಗಿದಾಗ ಇಲಿ ಕಚ್ಚಿದರೂ ರೋಗಿಗಳಿಗೆ ಎಚ್ಚರವಾಗುತ್ತಿರಲಿಲ್ಲ. ಮನೆಗೆ ಹೊರಟವರ ಜೊತೆ ಬೆಕ್ಕೊಂದನ್ನು ಕೊಟ್ಟು ಕಳಿಸುತ್ತಿದ್ದರಂತೆ. 1966ರಲ್ಲಿ ಅವರು ಅಮೆರಿಕಕ್ಕೆ ಹೋದರು. ಅಲ್ಲಿ ಶುಗರ್ ರೋಗಿಗಳ ಕಾಲಿಗೂ ಇದೇ ಪಾಠ ಉಪಯೋಗಕ್ಕೆ ಬಂತು. ಇಲಿ ಕಚ್ಚಿದ ಗಾಯ ಹಳೇ ಕಥೆಯಲ್ಲ. ಕಾಳಿನ ಚೀಲ ಒಟ್ಟಿದ ಮನೆಯಲ್ಲಿ ನೆಲದ ಮೇಲೆ ಮಲಗುವವರ ಹೆಬ್ಬೆರಳ ತುದಿ ನೋಡಿದರೆ ನಮಗೆ ಈಗಲೂ ಅನುಮಾನ ಬರುತ್ತದೆ. ಮಂಚದ ಮೇಲೆ ಮಲಗಿ, ಊಟ ಮಾಡಿದ ಮೇಲೆ ಕೈಕಾಲು ಚೆನ್ನಾಗಿ ತೊಳೆದುಕೊಳ್ಳಿ, ಕಾಲಿಗೆ ಹೊದಿಕೆ ಇರಲಿ, ಸೊಳ್ಳೆಪರದೆ ಕಟ್ಟಿ ಅಂಚು ಹಾಸಿಗೆ ಕೆಳಗೆ ಸಿಕ್ಕಿಸಿ ಎನ್ನುತ್ತೇನೆ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ನಮ್ಮ ಕಡೆ ಹಿರಿಯರ ಕಾಲು ಮುಟ್ಟುವಷ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಹಬ್ಬಕ್ಕೆ, ಮದುವೆಗೆ, ಪರೀಕ್ಷೆಗೆ, ಊರಿಗೆ ಹೊರಡುವಾಗ, ಊರಿಂದ ಬಂದಾಗ. ಮುಟ್ಟುವುದೆಲ್ಲ ಪಾದದ ಮೇಲ್ಭಾಗ. ಅಂಗಾಲು ಯಾರಿಗೂ ಕಾಣುವುದಿಲ್ಲ. ಹಿರಿಯರೂ ಅಂಗಾಲು ಇನ್ನೊಬ್ಬರ ಕಡೆ ಚಾಚಿ ಕೂರುವುದಿಲ್ಲ, ಅದು ಅಗೌರವ. ನಾನು ಪಾದ ಎತ್ತಿ ಹಿಡಿದರೆ ಎಷ್ಟೋ ಅಜ್ಜಂದಿರು ಎಳೆದುಕೊಳ್ಳುತ್ತಾರೆ. "ನನ್ನ ಕಾಲು ನೀವ್ಯಾಕ ಮುಟ್ತೀರಿ ತಾಯಿ, ಬ್ಯಾಡ್ರಿ" ಎನ್ನುತ್ತಾರೆ. ತಾವೇ ನೋಡಿಕೊಳ್ಳೋಣ ಎಂದರೆ ಬೊಜ್ಜು, ಮಂಡಿನೋವು, ಮಂಜಾದ ಕಣ್ಣು. ಶುಗರ್ ಕಣ್ಣನ್ನೂ ಬಿಡುವುದಿಲ್ಲವಲ್ಲ. ಸ್ಪರ್ಶ ಇಲ್ಲದ ಕಾಲು, ದೃಷ್ಟಿ ಸರಿಯಿಲ್ಲದ ಕಣ್ಣು. "ದಿನಾ ನಿಮ್ಮ ಕಾಲು ನೋಡಿಕೊಳ್ಳಿ" ಎಂದು ರೋಗಿಗೆ ಚೀಟಿ ಬರೆದು ಕೊಟ್ಟರೆ ಆಗುವ ಕೆಲಸವೇ ಇದು? ಮನೆಯಲ್ಲಿ ಇನ್ನೊಬ್ಬರು ನೋಡಬೇಕು. ದಿನಾ ನೋಡಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಜೇವರ್ಗಿ ಕಡೆಯ ಒಬ್ಬ ರೈತರು ಬರುತ್ತಾರೆ. ಜೊತೆಗೆ ಹೈಸ್ಕೂಲು ಓದುವ ಮೊಮ್ಮಗ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಹುಡುಗ "ಮುತ್ಯಾ, ಕಾಲ ಎತ್ತು" ಎಂದು ಮೊಬೈಲಿನಲ್ಲಿ ಎರಡೂ ಅಂಗಾಲಿನ ಫೋಟೋ ತೆಗೆಯುತ್ತಾನೆ. ಬೆರಳ ಸಂದಿಗಳನ್ನು ಬಿಡಿಸಿ ನೋಡುತ್ತಾನೆ. ಒಮ್ಮೆ ಅವನು ಹಿಂದಿನ ವಾರದ ಫೋಟೋ, ಆ ದಿನದ ಫೋಟೋ ಎರಡನ್ನೂ ನನ್ನ ಮುಂದೆ ಹಿಡಿದ. ಹೆಬ್ಬೆರಳ ಬುಡದ ಜಡ್ಡಿನೊಳಗೆ ಸಾಸಿವೆಯಷ್ಟು ಕಪ್ಪು ಚುಕ್ಕೆ ಹೊಸದಾಗಿ ಬಂದಿತ್ತು. ಅಜ್ಜನಿಗೆ ಏನೂ ಗೊತ್ತಿಲ್ಲ, ನೋವಿಲ್ಲ. ಡಾಕ್ಟರು ಜಡ್ಡನ್ನು ಬ್ಲೇಡಿನಿಂದ ಪದರ ಪದರವಾಗಿ ಕೆರೆದರು. ಕೆಳಗೆ ರಕ್ತ ಇಂಗಿತ್ತು, ಅದರ ಕೆಳಗೆ ಸಣ್ಣ ಹುಣ್ಣು ಆಗಲೇ ಶುರುವಾಗಿತ್ತು. ಜಡ್ಡಿನ ಒಳಗೆ ರಕ್ತದ ಚುಕ್ಕೆ ಕಂಡರೆ ಹುಣ್ಣಿಗೆ ಇನ್ನು ಹೆಚ್ಚು ದಿನವಿಲ್ಲ ಎಂದೇ ಅರ್ಥ. ಆ ಜಾಗದ ಮೇಲೆ ಭಾರ ಬೀಳದ ಹಾಗೆ ಚಪ್ಪಲಿಗೆ ಮೆತ್ತೆ ಕೊಟ್ಟು, ಕೆಲವು ವಾರ ನಡೆದಾಟ ಕಡಿಮೆ ಮಾಡಿಸಿದ್ದಕ್ಕೆ ಮಾಯಿತು. ಆ ಹುಡುಗನ ಕಣ್ಣು ಆ ಕಾಲನ್ನು ಉಳಿಸಿತು.

ನೋಡುವುದು ಅಂದರೆ ಸುಮ್ನೆ ಕಣ್ಣಾಡಿಸುವುದಲ್ಲ. ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಬೆರಳ ತುದಿ, ಬೆರಳ ಸಂದಿ ನೋಡಬೇಕು. ನಮ್ಮ ಮೈಬಣ್ಣದಲ್ಲಿ ಕೆಂಪಾಗಿರುವುದು ಬೇಗ ಕಾಣುವುದಿಲ್ಲ. ಹಾಗಾಗಿ ಅಂಗೈಯ ಹಿಂಭಾಗವನ್ನು ಎರಡೂ ಪಾದದ ಒಂದೇ ಜಾಗಕ್ಕೆ ತಾಗಿಸಿ ನೋಡಿ. ಒಂದು ಕಡೆ ಬಿಸಿ ಜಾಸ್ತಿ ಅನ್ನಿಸಿದರೆ ಅಲ್ಲಿ ಏನೋ ನಡೆಯುತ್ತಿದೆ. ಥರ್ಮಾಮೀಟರಿನಿಂದ ಅಳೆಯುವವರು ಎರಡು ಪಾದದ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಉಳಿದರೆ ಎಚ್ಚರಿಕೆ ಎಂದು ಲೆಕ್ಕ ಹಿಡಿಯುತ್ತಾರೆ. ಹೆಣ್ಣುಮಕ್ಕಳಲ್ಲಿ ಕಾಲುಂಗುರದ ಕೆಳಗೆ ನೋಡಲೇಬೇಕು. ಕಾಲು ಬಾತಾಗ ಉಂಗುರ ಬಿಗಿದು ಚರ್ಮ ಕೊರೆದಿರುತ್ತದೆ. ತೆಗೆಸೋಣ ಎಂದರೆ ಮನೆಯಲ್ಲಿ ಒಪ್ಪುವುದಿಲ್ಲ. ಸಡಿಲ ಮಾಡಿಸಿ ಎಂದಾದರೂ ಕೇಳಿಕೊಳ್ಳುತ್ತೇನೆ.

ಸ್ಪರ್ಶ ಇದೆಯೋ ಇಲ್ಲವೋ ಎಂದು ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಪರೀಕ್ಷೆ ಮಾಡುತ್ತೇವೆ. ಮನೆಯಲ್ಲೇ ಮಾಡುವ ಪರೀಕ್ಷೆಯೂ ಒಂದಿದೆ. ಇಂಗ್ಲೆಂಡಿನ ಇಪ್ಸ್‌ವಿಚ್‌ನ ಡಾಕ್ಟರುಗಳು ರೂಪಿಸಿದ್ದು. ಇದಕ್ಕೆ ಬೆರಳು ಸಾಕು, ಯಾವ ಸಾಮಾನೂ ಬೇಡ. ಶುಗರ್ ಇರುವವರು ಕಣ್ಣು ಮುಚ್ಚಿ ಕಾಲು ಚಾಚಿ ಮಲಗಬೇಕು. ಮೊದಲು ಅವರ ಎರಡೂ ಕಾಲು ಮುಟ್ಟಿ, ಯಾವುದು ಎಡ, ಯಾವುದು ಬಲ ಎಂದು ಹೇಳಿ. ಆಮೇಲೆ ನಿಮ್ಮ ತೋರುಬೆರಳಿನಿಂದ ಬಲಗಾಲಿನ ಹೆಬ್ಬೆರಳು, ಕಿರುಬೆರಳು, ಎಡಗಾಲಿನ ಹೆಬ್ಬೆರಳು, ಕಿರುಬೆರಳು, ಕೊನೆಗೆ ಬಲ ಮತ್ತು ಎಡದ ನಡುಬೆರಳು, ಹೀಗೆ ಆರು ಬೆರಳ ತುದಿಯನ್ನು ಒಂದೊಂದಾಗಿ ಮುಟ್ಟಿ. ಒಂದೆರಡು ಸೆಕೆಂಡು, ಹಗುರವಾಗಿ. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಮುಟ್ಟಿದ್ದು ಗೊತ್ತಾದಾಗ ಅವರು ಎಡ ಅಥವಾ ಬಲ ಎನ್ನಬೇಕು. ಒಂದು ಬೆರಳಿಗೆ ಒಂದೇ ಸಲ, ಗೊತ್ತಾಗದಿದ್ದರೆ ಮತ್ತೆ ಮುಟ್ಟುವಂತಿಲ್ಲ. ಆರರಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚು ತಪ್ಪಿದರೆ ಸ್ಪರ್ಶ ಕಡಿಮೆಯಾಗಿದೆ ಎಂದು ತಿಳಿದು ಡಾಕ್ಟರಿಗೆ ತೋರಿಸಿ. ಇಷ್ಟು ಸುಲಭದ ಪರೀಕ್ಷೆ ನಮ್ಮ ಪ್ರತಿ ಹಳ್ಳಿಯಲ್ಲೂ, ಪ್ರತಿ ಆಶಾ ಕಾರ್ಯಕರ್ತೆಗೂ ಗೊತ್ತಿರಬೇಕು ಎಂದು ನನ್ನಾಸೆ.

ಸ್ಪರ್ಶ ಹೋದ ಮೇಲೆ ಬರಿಗಾಲು ಬಿಡಬೇಕು. ಮನೆಯೊಳಗೂ ಬಿಡಬೇಕು. ಇಲ್ಲಿ ಮಾತು ಕಷ್ಟವಾಗುತ್ತದೆ. ಹೋಳಿ ಹುಣ್ಣಿಮೆಯಾಗಿ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು. ಬಿಸಿಲು ಆಗಲೇ ಏರಿರುತ್ತದೆ. ಬಂದೇನವಾಜ್ ದರ್ಗಾಕ್ಕೆ ಹೋಗುವವರಿದ್ದಾರೆ, ಗಾಣಗಾಪುರಕ್ಕೆ ಬರಿಗಾಲಲ್ಲಿ ನಡೆಯುವವರಿದ್ದಾರೆ. "ದೇವರ ಗುಡಿಗಿ ಚಪ್ಪಲಿ ಹಾಕ್ಕೊಂಡು ಹೋಗ್ಲೇನ್ರಿ?" ಎಂದು ಒಬ್ಬ ಅಮ್ಮ ಕಣ್ಣು ತುಂಬಿಕೊಂಡು ಕೇಳಿದರು. ಹೋಗಬೇಡಿ ಎನ್ನುವ ಹಕ್ಕು ನನಗಿಲ್ಲ. ಅವರ ಬದುಕನ್ನು ಹಿಡಿದು ನಿಲ್ಲಿಸಿದ್ದು ಆ ನಂಬಿಕೆಯೇ. ಹಾಗಾಗಿ ದಾರಿ ಹುಡುಕುತ್ತೇವೆ. ಬಿಸಿಲೇರುವ ಮೊದಲೇ ಹೋಗಿ ಬನ್ನಿ. ಬಾಗಿಲ ತನಕ ಚಪ್ಪಲಿ ಇರಲಿ. ಒಳಗೆ ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ, ಬಿಳಿ ಬಣ್ಣದ್ದಾದರೆ ರಕ್ತ, ಕೀವು ಕಲೆ ಬಿದ್ದರೆ ತಕ್ಷಣ ಕಾಣುತ್ತದೆ. ಜೊತೆಗೆ ಬಂದವರು ನೆಲ ಮುಟ್ಟಿ ನೋಡಿ ಮುಂದೆ ಕರೆದುಕೊಂಡು ಹೋಗಲಿ. ಹೊರಗೆ ಬಂದಾಗ ಬಿಸಿಲಲ್ಲಿ ಬಿಟ್ಟಿದ್ದ ಚಪ್ಪಲಿಯೂ ಕಾದಿರುತ್ತದೆ, ಅದನ್ನೂ ಮುಟ್ಟಿ ನೋಡಿ. ಮನೆಗೆ ಬಂದ ಕೂಡಲೇ ಅಂಗಾಲು ನೋಡಿ. ಹರಕೆ ಇದ್ದವರಿಗೆ, ನಿಮ್ಮ ಪರವಾಗಿ ಮಗನೋ ಮಗಳೋ ನಡೆದರೂ ಸಲ್ಲುತ್ತದೆಯೇ ಎಂದು ಸ್ವಾಮಿಗಳನ್ನು ಕೇಳಿ ನೋಡಿ ಎಂದೂ ಹೇಳಿದ್ದೇನೆ.

ಬೆಂಕಿ, ಬಿಸಿನೀರು ಕೂಡ ಇದೇ ಕಥೆ. ಬೀದರ್ ಕಡೆ ಚಳಿ ನಮಗಿಂತ ಜಾಸ್ತಿ. ಒಲೆ ಮುಂದೆ ಚಳಿ ಕಾಯಿಸುತ್ತಾ ಪಾದ ಹತ್ತಿರ ಚಾಚಿ ಸುಟ್ಟುಕೊಂಡವರಿದ್ದಾರೆ. ಕಾಲು ಜೋಮು ಎಂದು ಬಿಸಿನೀರಲ್ಲಿ ಉಪ್ಪು ಹಾಕಿ ಕಾಲಿಡುವುದು ಮನೆಮನೆಯಲ್ಲೂ ಇದೆ. ದಯವಿಟ್ಟು ಬೇಡ. ನೆನೆಸಿದರೆ ಚರ್ಮ ಮೆತ್ತಗಾಗಿ ಸೋಂಕಿಗೆ ದಾರಿಯಾಗುತ್ತದೆ, ನೀರಿನ ಬಿಸಿಯೂ ತಿಳಿಯುವುದಿಲ್ಲ. ಕಾಲು ತೊಳೆಯುವ ನೀರು 37 ಡಿಗ್ರಿ ದಾಟಬಾರದು. ಮೊಣಕೈ ಅದ್ದಿ ನೋಡಿ, ಇಲ್ಲವೇ ಶುಗರ್ ಇಲ್ಲದವರ ಕೈಯಲ್ಲಿ ನೋಡಿಸಿ. ತೊಳೆದ ಮೇಲೆ ಬೆರಳ ಸಂದಿ ಒರೆಸಿ ಒಣಗಿಸಿ. ಹಿಮ್ಮಡಿಗೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ, ಸಂದಿಗೆ ಹಚ್ಚಬೇಡಿ. ಆಣಿ ಬಂದರೆ ಬ್ಲೇಡು ಹಿಡಿಯಬೇಡಿ, ಮೆಡಿಕಲ್ ಶಾಪಿನ ಆಣಿ ಪಟ್ಟಿಯೂ ಬೇಡ. ಅದರಲ್ಲಿರುವ ಆಸಿಡ್ ಒಳ್ಳೆ ಚರ್ಮವನ್ನೂ ಸುಡುತ್ತದೆ. ಉಗುರು ನೇರಕ್ಕೆ ಕತ್ತರಿಸಿ, ಮೂಲೆ ಕೊರೆಯಬೇಡಿ.

ಚಪ್ಪಲಿ ವಿಷಯ. ಹಾಕುವ ಮುನ್ನ ಕೊಡವಿ, ಕೈ ಹಾಕಿ ಒಳಗೆ ತಡವಿ ನೋಡಿ. ಮೊಳೆ ತಳ ತೂರಿ ಬಂದದ್ದು ಗೊತ್ತಾಗದೆ ಸಂಜೆ ತನಕ ಅದರ ಮೇಲೇ ನಡೆದವರಿದ್ದಾರೆ. ಬೆರಳ ಸಂದಿಯಲ್ಲಿ ಪಟ್ಟಿ ಇರುವ ಹವಾಯಿ ಚಪ್ಪಲಿ ಇವರಿಗೆ ಸರಿಯಲ್ಲ, ಸಂದಿ ಉಜ್ಜುತ್ತದೆ, ಜಾರಿಯೂ ಬೀಳುತ್ತದೆ. ಕುಷ್ಠರೋಗಿಗಳಿಗೆ ಕೊಡುತ್ತಿದ್ದ ಎಂಸಿಆರ್ ಚಪ್ಪಲಿ, ಅಂದರೆ ಸಣ್ಣ ಗಾಳಿಗುಳ್ಳೆ ಇರುವ ಮೆತ್ತನೆ ರಬ್ಬರಿನ ಚಪ್ಪಲಿ, ಇವರಿಗೂ ಆಗಿಬರುತ್ತದೆ. ಮೇಲೆ ಮೆತ್ತಗೆ, ಕೆಳಗೆ ಮುಳ್ಳು ತೂರದ ಗಟ್ಟಿ ತಳ, ಹಿಮ್ಮಡಿಗೆ ಪಟ್ಟಿ. ಕೊಳ್ಳಲು ಸಂಜೆ ಹೋಗಿ, ಅಷ್ಟು ಹೊತ್ತಿಗೆ ಕಾಲು ಸ್ವಲ್ಪ ಬಾತಿರುತ್ತದೆ. ಬಿಗಿಯೋ ಸಡಿಲವೋ ಎಂದು ಇವರ ಕಾಲು ಹೇಳಲಾರದು. ಬಿಗಿ ಇದ್ದರೇ "ಸರಿಯಾಗಿ ಕೂತದ" ಎನ್ನುತ್ತಾರೆ. ಅದಕ್ಕೆ ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆದು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಕಾಗದ ಚಪ್ಪಲಿಯಿಂದ ಹೊರಗೆ ಬಂದರೆ ಅದನ್ನು ಬಿಟ್ಟುಬಿಡಿ.

ಇಷ್ಟಾದರೂ ಗಾಯ ಆಯಿತು ಎನ್ನಿ. ಅರಿಶಿನ, ಸುಣ್ಣ, ಬೀಡಿ ಬೂದಿ ಮೆತ್ತಬೇಡಿ. ಶುದ್ಧ ನೀರಲ್ಲಿ ತೊಳೆದು, ಸ್ವಚ್ಛ ಬಟ್ಟೆ ಕಟ್ಟಿ, ಅದೇ ದಿನ ಅಥವಾ ಮರುದಿನ ತೋರಿಸಿ. ವಾಸನೆ, ಕೀವು, ಕಪ್ಪಾದ ಚರ್ಮ, ಮೇಲಕ್ಕೆ ಏರುವ ಬಾವು, ಜ್ವರ ಚಳಿ ಇದ್ದರೆ ರಾತ್ರಿಯಾದರೂ ಸರಿ, ಗಾಡಿ ಮಾಡಿಕೊಂಡು ಬನ್ನಿ. ಸೋಂಕು ಒಂದೆರಡು ದಿನದಲ್ಲೇ ಬೆರಳಿಂದ ಪಾದಕ್ಕೆ ಹಬ್ಬುವುದನ್ನು ಕಣ್ಣಾರೆ ಕಂಡಿದ್ದೇನೆ. ಗಾಯವೇ ಇಲ್ಲದೆ ಒಂದು ಪಾದ ಬಿಸಿಯಾಗಿ ಊದಿದರೂ ಉಳುಕು ಎಂದು ತಿಕ್ಕಿಸಬೇಡಿ. ಸ್ಪರ್ಶ ಇಲ್ಲದ ಪಾದದಲ್ಲಿ ಒಳಗೆ ಎಲುಬು ಮುರಿದು ಕೀಲು ಕುಸಿಯುತ್ತಿರಬಹುದು. ಅದಕ್ಕೆ ಶಾರ್ಕೋ ಪಾದ ಎನ್ನುತ್ತಾರೆ. ತಕ್ಷಣ ಭಾರ ಬಿಡಿಸಿ ಪ್ಲಾಸ್ಟರ್ ಹಾಕದಿದ್ದರೆ ಪಾದದ ಆಕಾರವೇ ಹೋಗುತ್ತದೆ.

ಡ್ರೆಸ್ಸಿಂಗ್ ಮಾಡುವವಳಾಗಿ ಇದೊಂದು ಹೇಳಲೇಬೇಕು. ನಾನು ಎಷ್ಟೇ ಚೆನ್ನಾಗಿ ಕಟ್ಟಿದರೂ, ಅದೇ ಕಾಲಿನ ಮೇಲೆ ಭಾರ ಹಾಕಿ ಹೊಲಕ್ಕೆ ನಡೆದರೆ ಅಂಗಾಲಿನ ಗಾಯ ಮಾಯುವುದಿಲ್ಲ. ಔಷಧಕ್ಕಿಂತ ಮೊದಲು ಆ ಜಾಗಕ್ಕೆ ಬಿಡುವು ಬೇಕು. ಕೂಲಿ ಮಾಡಿ ಉಣ್ಣುವವರಿಗೆ ಇದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನೋವೂ ಇಲ್ಲದಾಗ ಕೂತಿರುವುದು ಇನ್ನೂ ಕಷ್ಟ. ಅದಕ್ಕೇ ಮನೆಯವರನ್ನು ಕೂರಿಸಿ ಮಾತಾಡುತ್ತೇನೆ. ನೀರು ತರುವುದು, ದನ ನೋಡುವುದು ಯಾರು ಹೊರುತ್ತಾರೆ ಎಂದು ಅಲ್ಲೇ ತೀರ್ಮಾನವಾಗಬೇಕು.

ಮಾಯಿತು ಎಂದರೂ ಮುಗಿಯಲಿಲ್ಲ. ಒಮ್ಮೆ ಹುಣ್ಣಾಗಿ ಮಾಯ್ದವರಲ್ಲಿ ಶೇ 40ರಷ್ಟು ಮಂದಿಗೆ ಒಂದು ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ಶುಗರ್ ಇದ್ದು ಸ್ಪರ್ಶ, ರಕ್ತ ಓಡಾಟ ಎರಡೂ ಸರಿ ಇರುವವರು ವರ್ಷಕ್ಕೊಮ್ಮೆ ಡಾಕ್ಟರಿಗೆ ಕಾಲು ತೋರಿಸಿದರೆ ಸಾಕು. ಸ್ಪರ್ಶ ಮಾತ್ರ ಹೋದವರು ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ತೋರಿಸಬೇಕು. ಒಮ್ಮೆ ಹುಣ್ಣಾದವರು ಒಂದರಿಂದ ಮೂರು ತಿಂಗಳಿಗೊಮ್ಮೆ ಬರಲೇಬೇಕು. ಶುಗರ್ ಪರೀಕ್ಷೆ, ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೇ ಸಿಗುತ್ತವೆ. ಗುಳಿಗೆ ತರಲು ಹೋದಾಗ ಚಪ್ಪಲಿ ಬಿಚ್ಚಿ "ಕಾಲೂ ನೋಡ್ರಿ" ಎಂದು ಕೇಳಿ. ಕೇಳದೆ ಎಲ್ಲರೂ ನೋಡುವುದಿಲ್ಲ.

ನಮ್ಮ ಕಡೆಯ ಇನ್ನೊಂದು ತೊಂದರೆಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಮಕ್ಕಳು, ಸೊಸೆಯಂದಿರು ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗಿರುತ್ತಾರೆ. ಊರಲ್ಲಿ ಉಳಿದವರು ಮುದುಕರೇ. ಅಂಥವರಿಗೆ ದಿನಾ ಸಂಜೆ ವಿಡಿಯೋ ಕಾಲಿನಲ್ಲಿ ಅಂಗಾಲು ತೋರಿಸಿ ಎನ್ನುತ್ತೇನೆ. ಫೋನನ್ನು ನೆಲಕ್ಕೆ ಇಟ್ಟು ಅದರ ಮೇಲೆ ಕಾಲು ಚಾಚಿದರೆ ಆಯಿತು. ಪುಣೆಯಲ್ಲಿ ಕಟ್ಟಡ ಕೆಲಸ ಮಾಡುವ ಒಬ್ಬ ಮಗ ಹೀಗೇ ತಾಯಿಯ ಹಿಮ್ಮಡಿಯ ಸೀಳು ನೋಡಿ, ಪಕ್ಕದ ಮನೆಯವರಿಗೆ ಹೇಳಿ ನಮ್ಮ ಹತ್ತಿರ ಕಳಿಸಿದ. ಅಂಥ ಫೋನೂ ಇಲ್ಲದವರಿದ್ದಾರೆ. ಅವರ ಚೀಟಿಯ ಮೇಲೆ ಮುಂದಿನ ತಾರೀಖಿನ ಜೊತೆ ಓಣಿಯಲ್ಲಿ ಯಾರು ನೋಡುತ್ತಾರೆ ಎಂದು ಒಂದು ಹೆಸರು ಬರೆಸುತ್ತೇನೆ. ಬರೆಸದೆ ಕಳಿಸುವುದಿಲ್ಲ.